ಕೂಡದ ಲೆಕ್ಕ ಕೂಡಿಸಿದ ಮಹಾಲನೋಬಿಸ್

ಮಕ್ಕಳೇ, ಮೊದಲು ಒಂದು ಲೆಕ್ಕ ಮಾಡೋಣ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ ಈ ನಾಲ್ಕು ತಾಲ್ಲೂಕುಗಳಲ್ಲಿ ಈ ವರ್ಷ ಒಟ್ಟು ಎಷ್ಟು ರಾಗಿ ಬೆಳೆಯಿತು? ಇದನ್ನು ಶಾಲಾ ಮಕ್ಕಳೇ ಕಂಡುಹಿಡಿಯಬೇಕು ಎಂದುಕೊಳ್ಳಿ. ಪ್ರತಿ ಶಾಲೆಯವರೂ ತಮ್ಮ ಊರಿನ ಲೆಕ್ಕ ಬರೆದು ಕಳಿಸುತ್ತಾರೆ. ಒಂದು ಶಾಲೆಯವರು ಸೇರಿನಲ್ಲಿ ಬರೆದಿದ್ದಾರೆ. ಇನ್ನೊಂದು ಶಾಲೆಯವರು ಮೂಟೆಯಲ್ಲಿ, ಮತ್ತೊಂದು ಶಾಲೆಯವರು ಕ್ವಿಂಟಾಲಿನಲ್ಲಿ ಬರೆದಿದ್ದಾರೆ. ಒಬ್ಬರು ಎಕರೆಗೆ ಇಷ್ಟು ಎಂದಿದ್ದಾರೆ, ಎಷ್ಟು ಎಕರೆ ಎಂದು ಬರೆಯಲು ಮರೆತಿದ್ದಾರೆ.

ಈಗ ನಿಮ್ಮ ಮುಂದೆ ಕಾಗದದ ರಾಶಿ ಇದೆ. ಕೂಡುವುದು ನಿಮಗೆ ಬರುತ್ತದೆ. ಆದರೂ ಲೆಕ್ಕ ಕೂಡುತ್ತಿಲ್ಲ! ಏಕೆ? ಸೇರು ಮತ್ತು ಮೂಟೆಯನ್ನು ಹಾಗೆಯೇ ಕೂಡಲು ಆಗುವುದಿಲ್ಲ. ಒಂದೂರಿನ ಮೂಟೆ ಇನ್ನೊಂದೂರಿನ ಮೂಟೆಯಷ್ಟೇ ತೂಗುತ್ತದೆ ಎಂದು ಹೇಳಲೂ ಆಗುವುದಿಲ್ಲ.

ಎತ್ತಿನ ಗಾಡಿಯನ್ನು ನೋಡಿದ್ದೀರಲ್ಲ? ಗಾಲಿಯನ್ನು ಬಡಗಿ ಮಾಡುತ್ತಾನೆ. ಅದರ ಸುತ್ತ ಹಾಕುವ ಕಬ್ಬಿಣದ ಪಟ್ಟಿಯನ್ನು ಕಮ್ಮಾರ ಮಾಡುತ್ತಾನೆ. ಗಾಲಿ ಚೆನ್ನಾಗಿದೆ, ಪಟ್ಟಿಯೂ ಚೆನ್ನಾಗಿದೆ. ಆದರೆ ಪಟ್ಟಿ ಒಂದು ಬೆರಳಷ್ಟು ದೊಡ್ಡದಾದರೆ ಗಾಡಿ ಓಡದು. ಹಲವರು ಸೇರಿ ಮಾಡುವ ಯಾವುದೇ ದೊಡ್ಡ ಕೆಲಸದಲ್ಲಿ ಈ ತೊಂದರೆ ಇದ್ದೇ ಇರುತ್ತದೆ. ದೊಡ್ಡ ಲೆಕ್ಕ ಮಾಡುವ ಕೆಲಸದಲ್ಲಿ ಇದು ಇನ್ನೂ ಹೆಚ್ಚು.

ಇಡೀ ಭಾರತದ ಲೆಕ್ಕವನ್ನು ಕೂಡಿಸಲು ಹೊರಟು, ಜೀವನವಿಡೀ ಈ ತೊಂದರೆಯ ಜೊತೆ ಹೋರಾಡಿದ ಒಬ್ಬ ವಿಜ್ಞಾನಿ ಇದ್ದರು. ಅವರ ಹೆಸರು ಪ್ರಶಾಂತ ಚಂದ್ರ ಮಹಾಲನೋಬಿಸ್. ನಮ್ಮ ದೇಶಕ್ಕೆ ಮೊದಲ ಡಿಜಿಟಲ್ ಕಂಪ್ಯೂಟರನ್ನು ತರಿಸಿದವರೂ ಅವರೇ. ಬನ್ನಿ, ಅವರ ಕಥೆಯನ್ನು ತಿಳಿಯೋಣ.

ತಪ್ಪಿದ ರೈಲು, ಸಿಕ್ಕಿದ ದಾರಿ

ಮಹಾಲನೋಬಿಸ್ ಹುಟ್ಟಿದ್ದು 1893ರ ಜೂನ್ 29ರಂದು, ಕಲ್ಕತ್ತದಲ್ಲಿ. ಇಂದು ಆ ನಗರವನ್ನು ಕೋಲ್ಕತ್ತ ಎನ್ನುತ್ತೇವೆ. ಅಲ್ಲಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅವರು ಭೌತವಿಜ್ಞಾನ ಓದಿದರು. ಸಸ್ಯಗಳ ಬಗ್ಗೆ ಸಂಶೋಧನೆ ಮಾಡಿದ ಜಗದೀಶ ಚಂದ್ರ ಬೋಸರು ಆಗ ಅಲ್ಲಿ ಅಧ್ಯಾಪಕರಾಗಿದ್ದರು.

1913ರಲ್ಲಿ ಹೆಚ್ಚಿನ ಓದಿಗಾಗಿ ಅವರು ಇಂಗ್ಲೆಂಡಿಗೆ ಹೋದರು. ಲಂಡನ್ನಿನಲ್ಲಿ ಓದಬೇಕೆಂದು ಅವರ ಯೋಚನೆ. ಒಂದು ದಿನ ಕೇಂಬ್ರಿಜ್ ಊರನ್ನು ನೋಡಲು ಹೋದವರು ಲಂಡನ್ನಿಗೆ ಮರಳುವ ಕೊನೆಯ ರೈಲನ್ನು ತಪ್ಪಿಸಿಕೊಂಡರು! ಆ ರಾತ್ರಿ ಗೆಳೆಯರೊಬ್ಬರ ಬಳಿ ಉಳಿದರು. ಅಲ್ಲಿನ ಕಿಂಗ್ಸ್ ಕಾಲೇಜು ಅವರಿಗೆ ಬಹಳ ಮೆಚ್ಚಿಗೆಯಾಯಿತು. ಅಲ್ಲಿಯೇ ಸೇರಿಕೊಂಡರು. ಗಣಿತಜ್ಞ ಶ್ರೀನಿವಾಸ ರಾಮಾನುಜನ್ ಅವರ ಪರಿಚಯವಾದದ್ದೂ ಕೇಂಬ್ರಿಜ್‌ನಲ್ಲಿಯೇ.

1915ರಲ್ಲಿ ಓದು ಮುಗಿಯಿತು. ಊರಿಗೆ ಹೊರಡಬೇಕು. ಆದರೆ ಮೊದಲ ಮಹಾಯುದ್ಧ ನಡೆಯುತ್ತಿದ್ದ ಕಾಲ. ಹಡಗು ಹೊರಡುವುದು ತಡವಾಯಿತು. ಕಾಯುವ ಆ ದಿನಗಳಲ್ಲಿ ಅವರ ಅಧ್ಯಾಪಕರು ಕಾಲೇಜಿನ ಗ್ರಂಥಾಲಯದಲ್ಲಿದ್ದ ಒಂದು ಪತ್ರಿಕೆಯ ಸಂಪುಟಗಳನ್ನು ತೋರಿಸಿದರು. ಪತ್ರಿಕೆಯ ಹೆಸರು ಬಯೋಮೆಟ್ರಿಕಾ. ಅದರಲ್ಲಿ ಇದ್ದದ್ದು ಸಂಖ್ಯಾಶಾಸ್ತ್ರ, ಅಂದರೆ ಬಹಳಷ್ಟು ಅಂಕಿಗಳನ್ನು ಕಲೆಹಾಕಿ ಅವುಗಳಿಂದ ಸತ್ಯವನ್ನು ತಿಳಿಯುವ ವಿದ್ಯೆ. ಮಹಾಲನೋಬಿಸ್ ಎಲ್ಲ ಸಂಪುಟಗಳನ್ನೂ ಕೊಂಡು, ಹಡಗಿನಲ್ಲಿ ಓದುತ್ತಾ ಬಂದರು. ಹಡಗಿನಿಂದ ಇಳಿಯುವ ಹೊತ್ತಿಗೆ ಈ ವಿದ್ಯೆ ಅವರ ಮನಸ್ಸಿನಲ್ಲಿ ಬೇರೂರಿತ್ತು.

ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೇ ಅವರು ಅಧ್ಯಾಪಕರಾದರು. ಕಲಿಸಿದ್ದು ಭೌತವಿಜ್ಞಾನ, ಬಿಡುವಿನಲ್ಲಿ ಮಾಡಿದ್ದು ಅಂಕಿಗಳ ಕೆಲಸ. ಅವರನ್ನು ಈ ದಾರಿಯಲ್ಲಿ ಮುಂದೆ ನಡೆಸಿದ ಹಿರಿಯರು ಬ್ರಜೇಂದ್ರನಾಥ ಸೀಲ್. ಕಲ್ಕತ್ತ ವಿಶ್ವವಿದ್ಯಾನಿಲಯದ ಪರೀಕ್ಷೆಯ ಅಂಕಗಳನ್ನು ಸಂಖ್ಯಾಶಾಸ್ತ್ರದ ಮೂಲಕ ಪರಿಶೀಲಿಸುವ ಕೆಲಸವನ್ನು ಸೀಲರು ಅವರಿಗೆ ಒಪ್ಪಿಸಿದ್ದರು. ಇದೇ ಸೀಲರು ಮುಂದೆ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ 1921ರಿಂದ 1930ರವರೆಗೆ ಕೆಲಸ ಮಾಡಿದರು ಎಂಬುದು ನಿಮಗೆ ತಿಳಿದಿರಲಿ.

ಕಂಪ್ಯೂಟರ್ ಎಂದರೆ ಮನುಷ್ಯ!

1931ರ ಡಿಸೆಂಬರಿನಲ್ಲಿ ಮಹಾಲನೋಬಿಸ್ ಭಾರತೀಯ ಸಾಂಖ್ಯಿಕ ಸಂಸ್ಥೆಯನ್ನು ಆರಂಭಿಸಿದರು. ದೊಡ್ಡ ಹೆಸರು, ಆದರೆ ಇದ್ದ ಜಾಗ ಕಾಲೇಜಿನ ಒಂದು ಕೋಣೆ ಮಾತ್ರ. ಮೊದಲ ವರ್ಷದ ಖರ್ಚು ಎಷ್ಟು ಗೊತ್ತೆ? ಕೇವಲ 238 ರೂಪಾಯಿ.

ಆ ಕಾಲದಲ್ಲಿ ಕಂಪ್ಯೂಟರ್ ಎಂದರೆ ಯಂತ್ರವಲ್ಲ, ಮನುಷ್ಯ. ಕುಳಿತು ಲೆಕ್ಕ ಮಾಡುವ ಉದ್ಯೋಗಿಗೆ ಕಂಪ್ಯೂಟರ್ ಎಂದು ಹೆಸರು. ಮೇಜಿನ ಮೇಲೆ ಕೈಯಿಂದ ತಿರುಗಿಸುವ ಲೆಕ್ಕದ ಯಂತ್ರ. ಹಿಡಿಕೆ ತಿರುಗಿಸಿದರೆ ಕೂಡುತ್ತದೆ, ಹಿಂದಕ್ಕೆ ತಿರುಗಿಸಿದರೆ ಕಳೆಯುತ್ತದೆ. ಗುಣಿಸಬೇಕೆಂದರೆ ಮತ್ತೆ ಮತ್ತೆ ತಿರುಗಿಸಬೇಕು. ದೊಡ್ಡ ಲೆಕ್ಕ ಬಂದರೆ ಹಲವರು ಹಂಚಿಕೊಂಡು ಮಾಡುತ್ತಿದ್ದರು. ಒಬ್ಬರ ಉತ್ತರ ಇನ್ನೊಬ್ಬರಿಗೆ ಪ್ರಶ್ನೆಯಾಗುತ್ತಿತ್ತು. ಹಾಗಿರುವಾಗ ಒಬ್ಬರು ತಪ್ಪಿದರೆ? ತಪ್ಪು ಸರಪಳಿಯಂತೆ ಎಲ್ಲರನ್ನೂ ಸುತ್ತಿಕೊಳ್ಳುತ್ತಿತ್ತು.

ಲೆಕ್ಕದ ಯಂತ್ರಗಳೆಲ್ಲ ಹೊರದೇಶದಿಂದ ಬರಬೇಕಿತ್ತು. ಎರಡನೆಯ ಮಹಾಯುದ್ಧ ಬಂದಾಗ ಅವು ಸಿಗುವುದೇ ಕಷ್ಟವಾಯಿತು. ಮಹಾಲನೋಬಿಸ್ ಸುಮ್ಮನೆ ಕೂರಲಿಲ್ಲ. ಲೆಕ್ಕದ ಯಂತ್ರಗಳನ್ನು ನಮ್ಮಲ್ಲೇ ತಯಾರಿಸಲು 1940ರ ದಶಕದಲ್ಲಿ ಒಂದು ಕಾರ್ಯಾಗಾರವನ್ನು ಆರಂಭಿಸಿದರು.

ಆ ದಿನಗಳಲ್ಲಿಯೇ ಸಂಸ್ಥೆಗೆ ಒಬ್ಬ ಯುವಕ ಬಂದು ಸೇರಿದರು. ಅವರು ಸಿ. ಆರ್. ರಾವ್. ಹುಟ್ಟಿದ್ದು 1920ರಲ್ಲಿ, ನಮ್ಮ ಕರ್ನಾಟಕದ ಹೂವಿನಹಡಗಲಿಯಲ್ಲಿ. 1941ರಲ್ಲಿ ಸಂಸ್ಥೆ ಸೇರಿದ ಅವರು ಮುಂದೆ ಜಗತ್ತಿನ ಶ್ರೇಷ್ಠ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದರು. 2023ರಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಒಂದು ಅಗುಳಿನ ಗುಟ್ಟು

ಅನ್ನ ಬೆಂದಿದೆಯೇ ಎಂದು ನೋಡಲು ಅಮ್ಮ ಏನು ಮಾಡುತ್ತಾರೆ? ಪಾತ್ರೆಯಲ್ಲಿರುವ ಎಲ್ಲ ಅನ್ನವನ್ನೂ ಹಿಚುಕಿ ನೋಡುವುದಿಲ್ಲ. ಒಂದೆರಡು ಅಗುಳು ನೋಡುತ್ತಾರೆ, ಅಷ್ಟೆ. ಆದರೆ ಮೇಲಿನ ಅಗುಳನ್ನು ಮಾತ್ರ ನೋಡಿದರೆ ಸಾಲದು. ಚೆನ್ನಾಗಿ ತಿರುವಿ ನೋಡಬೇಕು.

ಮಹಾಲನೋಬಿಸ್ ಇದೇ ಉಪಾಯವನ್ನು ದೊಡ್ಡದಾಗಿ ಮಾಡಿದರು. ಬಂಗಾಳದಲ್ಲಿ ಸೆಣಬು ಮುಖ್ಯವಾದ ಬೆಳೆ. ಎಷ್ಟು ಸೆಣಬು ಬೆಳೆದಿದೆ ಎಂದು ತಿಳಿಯಲು ಪ್ರತಿ ಹೊಲಕ್ಕೂ ಹೋಗಬೇಕೆ? ಬೇಡ. ಚೀಟಿ ಎತ್ತುವಂತೆ ಯಾವ ಪಕ್ಷಪಾತವೂ ಇಲ್ಲದೆ ಕೆಲವು ಹೊಲಗಳನ್ನು ಆರಿಸಿ, ಅವುಗಳನ್ನು ಸರಿಯಾಗಿ ಅಳೆದರೆ ಸಾಕು. ಇದಕ್ಕೆ ಮಾದರಿ ಸಮೀಕ್ಷೆ ಎಂದು ಹೆಸರು. 1937ರಲ್ಲಿ ಶುರುವಾದ ಈ ಕೆಲಸದಲ್ಲಿ, ಎಲ್ಲ ಹೊಲಗಳಿಗೂ ಹೋಗುವುದಕ್ಕಿಂತ ಎಷ್ಟೋ ಕಡಿಮೆ ಖರ್ಚಿನಲ್ಲಿ ಒಳ್ಳೆಯ ಉತ್ತರ ಸಿಗುತ್ತದೆ ಎಂದು ಅವರು ತೋರಿಸಿಕೊಟ್ಟರು.

ಆದರೆ ಅಳೆಯಲು ಹೋದವರು ಎಡವಿದರೆ? ಬಿಸಿಲಿಗೆ ಬೇಸತ್ತು ಮರದಡಿ ಕುಳಿತು ಮನಸ್ಸಿಗೆ ತೋಚಿದ್ದನ್ನು ಬರೆದರೆ? ಅದಕ್ಕೂ ಅವರು ಉಪಾಯ ಕಂಡುಕೊಂಡರು. ಒಂದೇ ಪ್ರದೇಶಕ್ಕೆ ಎರಡು ತಂಡ. ಎರಡೂ ತಂಡಗಳಿಗೆ ಬೇರೆ ಬೇರೆ ಹೊಲಗಳ ಪಟ್ಟಿ. ಒಂದು ತಂಡದ ಲೆಕ್ಕ ಇನ್ನೊಂದಕ್ಕೆ ಗೊತ್ತಾಗುವಂತಿಲ್ಲ. ಕೊನೆಯಲ್ಲಿ ಎರಡೂ ಉತ್ತರಗಳು ಹತ್ತಿರವಿದ್ದರೆ ನಂಬಬಹುದು. ದೂರವಿದ್ದರೆ ಎಲ್ಲೋ ಏನೋ ತಪ್ಪಾಗಿದೆ, ಮತ್ತೆ ಹುಡುಕಬೇಕು.

ಈ ಲೆಕ್ಕವೆಲ್ಲ ಏಕೆ ಬೇಕು ಎಂದು ನೀವು ಕೇಳಬಹುದು. 1943ರಲ್ಲಿ ಬಂಗಾಳದಲ್ಲಿ ಭೀಕರ ಕ್ಷಾಮ ಬಂತು. ಹಸಿವಿನಿಂದ, ರೋಗದಿಂದ ಲಕ್ಷಾಂತರ ಜನ ಸತ್ತರು. ಕ್ಷಾಮದ ನಂತರ ಮಹಾಲನೋಬಿಸ್ ಮತ್ತು ಅವರ ಜೊತೆಗಾರರು ಹಳ್ಳಿಗಳಲ್ಲಿ ಸಮೀಕ್ಷೆ ನಡೆಸಿದರು. ಎಷ್ಟು ಕುಟುಂಬಗಳು ಭೂಮಿ ಮಾರಿಕೊಂಡವು, ಎಷ್ಟು ಜನ ಎತ್ತು ಕಳೆದುಕೊಂಡರು, ಯಾವ ಕಸುಬಿನವರು ಹೆಚ್ಚು ನೊಂದರು ಎಂದು ದಾಖಲಿಸಿದರು. ಯಾರಿಗೆ ಏನು ಬೇಕು ಎಂಬುದು ಗೊತ್ತಿಲ್ಲದಿದ್ದರೆ ಸಹಾಯ ತಲುಪಿಸುವುದು ಹೇಗೆ? ಆ ಅಂಕಿಗಳ ಹಿಂದೆ ಹಸಿದ ಮನುಷ್ಯರಿದ್ದರು.

ಹಲವು ಭಾಷೆ, ಹಲವು ಅಳತೆ

1947ರಲ್ಲಿ ದೇಶ ಸ್ವತಂತ್ರವಾಯಿತು. ಜನ ಎಷ್ಟು ಸಂಪಾದಿಸುತ್ತಾರೆ, ಏನು ತಿನ್ನುತ್ತಾರೆ, ಬಟ್ಟೆಗೆ ಎಷ್ಟು ಖರ್ಚು ಮಾಡುತ್ತಾರೆ? ಹೊಸ ಸರ್ಕಾರಕ್ಕೆ ಇದೆಲ್ಲ ತಿಳಿಯಬೇಕಿತ್ತು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ಅದನ್ನು ರೂಪಿಸಿದವರು ಮಹಾಲನೋಬಿಸ್. ಮೊದಲ ಸುತ್ತಿನಲ್ಲಿಯೇ ದೇಶದ ಸುಮಾರು 1,800 ಹಳ್ಳಿಗಳನ್ನು ಆರಿಸಲಾಯಿತು.

ಇಲ್ಲಿ ನೋಡಿ, ನಮ್ಮ ರಾಗಿ ಲೆಕ್ಕದ ತೊಂದರೆ ಇಡೀ ದೇಶದಷ್ಟು ದೊಡ್ಡದಾಯಿತು! ಒಂದೇ ಪ್ರಶ್ನೆಯನ್ನು ಬಂಗಾಳಿಯಲ್ಲಿ ಕೇಳಬೇಕು, ತಮಿಳಿನಲ್ಲಿ ಕೇಳಬೇಕು, ಕನ್ನಡದಲ್ಲಿಯೂ ಕೇಳಬೇಕು. ಎಲ್ಲ ಭಾಷೆಗಳಲ್ಲೂ ಅರ್ಥ ಒಂದೇ ಆಗಿರಬೇಕು. ಮನೆ ಎಂದರೆ ಯಾವುದು? ಒಂದೇ ಸೂರಿನಡಿ ಇರುವವರೋ, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವವರೋ? ಇದನ್ನು ಮೊದಲೇ ನಿರ್ಧರಿಸದಿದ್ದರೆ ಒಬ್ಬ ಸಮೀಕ್ಷಕ ಒಂದು ಮನೆ ಎಂದದ್ದನ್ನು ಇನ್ನೊಬ್ಬ ಮೂರು ಮನೆ ಎನ್ನುತ್ತಾನೆ.

ಅಳತೆಯ ಗೋಜಲಂತೂ ಹೇಳತೀರದು. ನಮ್ಮ ಕಡೆ ಸೇರು, ಕೊಳಗ, ಪಲ್ಲ, ಖಂಡುಗ. ಉತ್ತರದಲ್ಲಿ ಮಣ, ಛಟಾಕು. ಒಂದು ಸೀಮೆಯ ಸೇರು ಇನ್ನೊಂದು ಸೀಮೆಯ ಸೇರಿಗೆ ಸಮವಲ್ಲ. ಭೂಮಿಯ ಅಳತೆಯೂ ಹಾಗೆಯೇ, ಊರಿಗೊಂದು ಬಗೆ. ಪ್ರತಿಯೊಂದನ್ನೂ ಒಂದೇ ಅಳತೆಗೆ ತಿರುಗಿಸಿದ ಮೇಲೆಯೇ ಕೂಡುವ ಕೆಲಸ. ಇಡೀ ದೇಶಕ್ಕೆ ಮೆಟ್ರಿಕ್ ಪದ್ಧತಿಯನ್ನು ತರುವ ಕಾಯ್ದೆ ಆದದ್ದು 1956ರಲ್ಲಿ. 1958ರಿಂದ ಕಿಲೋಗ್ರಾಮ್ ತೂಕ ಬಳಕೆಗೆ ಬರತೊಡಗಿತು. ಇಂದು ನೀವು ಹೆಗ್ಗಡದೇವನಕೋಟೆಯ ಸಂತೆಯಲ್ಲಿ ಕೊಂಡರೂ ದೆಹಲಿಯಲ್ಲಿ ಕೊಂಡರೂ ಕಿಲೋ ಎಂದರೆ ಒಂದೇ ಕಿಲೋ.

ಕಾರ್ಡಿನಲ್ಲಿ ತೂತುಗಳು

ಊರೂರುಗಳಿಂದ ಬಂದ ಉತ್ತರಗಳು ಕಲ್ಕತ್ತದ ಸಂಸ್ಥೆಯಲ್ಲಿ ರಾಶಿ ಬಿದ್ದವು. ಅವನ್ನು ಎಣಿಸಲು ಪಂಚ್ ಕಾರ್ಡ್ ಎಂಬ ದಪ್ಪ ಕಾಗದದ ಹಾಳೆಗಳನ್ನು ಬಳಸುತ್ತಿದ್ದರು. ಪ್ರತಿ ಅಂಕಿಗೆ ಒಂದು ಗೊತ್ತಾದ ಜಾಗದಲ್ಲಿ ತೂತು. ಯಂತ್ರ ಆ ತೂತುಗಳ ಮೂಲಕ ಅಂಕಿಗಳನ್ನು ಓದಿ, ಕಾರ್ಡುಗಳನ್ನು ವಿಂಗಡಿಸಿ, ಎಣಿಸುತ್ತಿತ್ತು.

ಈ ಕಾರ್ಡುಗಳಲ್ಲೂ ಜಾತಿಗಳಿದ್ದವು. ಒಂದು ಕಂಪನಿಯ ಕಾರ್ಡಿನಲ್ಲಿ ತೂತು ಆಯತಾಕಾರ, ಇನ್ನೊಂದು ಕಂಪನಿಯದರಲ್ಲಿ ದುಂಡಗೆ. ಒಬ್ಬರ ಕಾರ್ಡು ಇನ್ನೊಬ್ಬರ ಯಂತ್ರದಲ್ಲಿ ನಡೆಯದು. ಮೇಲಾಗಿ ಕಾರ್ಡು ಕಾಗದದ್ದು. ತೇವದ ಹವೆಯಲ್ಲಿ ಅದು ಉಬ್ಬುತ್ತದೆ, ಬಾಗುತ್ತದೆ, ಯಂತ್ರದಲ್ಲಿ ಸಿಕ್ಕಿಕೊಳ್ಳುತ್ತದೆ. ಮಳೆಗಾಲದಲ್ಲಿ ನಿಮ್ಮ ಪುಸ್ತಕದ ಹಾಳೆಗಳು ಹೇಗಾಗುತ್ತವೆ ಎಂದು ನೋಡಿದ್ದೀರಲ್ಲ? ಸಮೀಕ್ಷೆ ಮುಗಿದರೂ ಅದರ ವರದಿ ಹೊರಬರಲು ವರ್ಷಗಳೇ ಹಿಡಿಯುತ್ತಿದ್ದವು. ಬೆಳೆಯ ಲೆಕ್ಕ ತಡವಾಗಿ ಬಂದರೆ ಪ್ರಯೋಜನ ಕಡಿಮೆ. ಇನ್ನೂ ವೇಗವಾದ ಯಂತ್ರ ಬೇಕೇ ಬೇಕು ಎಂಬುದು ಮಹಾಲನೋಬಿಸರಿಗೆ ಸ್ಪಷ್ಟವಾಗಿತ್ತು.

ಅವರು ಸಂಸ್ಥೆಯಲ್ಲಿ ಎಲೆಕ್ಟ್ರಾನಿಕ್ಸ್ ಪ್ರಯೋಗಾಲಯವನ್ನು ಕಟ್ಟಿದರು. ಅಲ್ಲಿ ಸಮರೇಂದ್ರ ಕುಮಾರ್ ಮಿತ್ರ ಎಂಬ ವಿಜ್ಞಾನಿ 1953ರಲ್ಲಿ ಒಂದು ಅನಲಾಗ್ ಕಂಪ್ಯೂಟರನ್ನು ರೂಪಿಸಿದರು. ಹತ್ತು ಅವ್ಯಕ್ತಗಳಿರುವ ಹತ್ತು ಸಮೀಕರಣಗಳನ್ನು ಅದು ಬಿಡಿಸಬಲ್ಲದಾಗಿತ್ತು. ನೀವು ಎರಡು ಸಮೀಕರಣಗಳನ್ನು ಬಿಡಿಸಲು ಎಷ್ಟು ಹೊತ್ತು ತೆಗೆದುಕೊಳ್ಳುತ್ತೀರಿ, ಯೋಚಿಸಿ! ಆಗ ಎಲೆಕ್ಟ್ರಾನಿಕ್ ಬಿಡಿಭಾಗಗಳು ನಮ್ಮಲ್ಲಿ ಸುಲಭವಾಗಿ ಸಿಗುತ್ತಿರಲಿಲ್ಲ. ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾದದ್ದೇ 1954ರಲ್ಲಿ.

ಇಂಗ್ಲೆಂಡಿನ ಯಂತ್ರ, ರಷ್ಯದ ಯಂತ್ರ

ಕೊನೆಗೆ 1955ರಲ್ಲಿ ಇಂಗ್ಲೆಂಡಿನಿಂದ ಎಚ್‌ಇಸಿ-2ಎಂ ಎಂಬ ಯಂತ್ರ ಬಂತು. ಭಾರತಕ್ಕೆ ಬಂದ ಮೊದಲ ಡಿಜಿಟಲ್ ಕಂಪ್ಯೂಟರ್ ಇದು. ಸಂಸ್ಥೆಯ ಎಂಜಿನಿಯರ್‌ಗಳು ಇಂಗ್ಲೆಂಡಿನಲ್ಲಿ ತರಬೇತಿ ಪಡೆದು ಬಂದು ಅದನ್ನು ನಡೆಸಿದರು.

ಇದನ್ನು ನಿಮ್ಮ ಶಾಲೆಯ ಕಂಪ್ಯೂಟರಿನಂತೆ ಊಹಿಸಿಕೊಳ್ಳಬೇಡಿ. ಒಂದು ಕೋಣೆಯನ್ನೇ ತುಂಬುವ ಯಂತ್ರ. ಒಳಗೆ ಬಲ್ಬುಗಳಂತೆ ಉರಿಯುವ ಗಾಜಿನ ವಾಲ್ವುಗಳು. ನೆನಪಿಗಾಗಿ ಗಿರಗಿರನೆ ತಿರುಗುವ ಒಂದು ಕಾಂತೀಯ ಉರುಳೆ. ಅದರಲ್ಲಿ ಹಿಡಿಯುತ್ತಿದ್ದದ್ದು ಸುಮಾರು ಒಂದು ಸಾವಿರ ಸಂಖ್ಯೆಗಳು ಮಾತ್ರ. ಮೊಬೈಲಿನಲ್ಲಿ ತೆಗೆದ ಒಂದು ಚಿಕ್ಕ ಫೋಟೊ ಕೂಡ ಅದರಲ್ಲಿ ಹಿಡಿಸದು! ವಾಲ್ವುಗಳು ಬಿಸಿಯಾಗುತ್ತವೆ, ಬಲ್ಬಿನಂತೆ ಸುಟ್ಟುಹೋಗುತ್ತವೆ. ಒಂದು ಹೋದರೂ ಲೆಕ್ಕ ತಪ್ಪುತ್ತದೆ. ಹೊಸ ವಾಲ್ವು ಬೇಕೆಂದರೆ ಹೊರದೇಶದಿಂದಲೇ ತರಿಸಬೇಕು.

ಆದರೂ ಅದು ದೇಶಕ್ಕೆಲ್ಲ ಬೇಕಾದ ಯಂತ್ರವಾಗಿತ್ತು. ಬೇರೆ ಬೇರೆ ಊರುಗಳ ವಿಜ್ಞಾನಿಗಳು ತಮ್ಮ ಲೆಕ್ಕಗಳನ್ನು ಹೊತ್ತು ಕಲ್ಕತ್ತಕ್ಕೆ ಬರುತ್ತಿದ್ದರು. ಊರಿಗೆಲ್ಲ ಒಂದೇ ರಾಗಿ ಗಿರಣಿ ಇದ್ದರೆ ಹೇಗೆ ಸರದಿ ಕಾಯಬೇಕೋ ಹಾಗೆ ಸರದಿ ಕಾಯಬೇಕಿತ್ತು.

ಮಹಾಲನೋಬಿಸ್ ಇನ್ನೊಂದು ಯಂತ್ರಕ್ಕೆ ಪ್ರಯತ್ನಿಸಿದರು. ವಿಶ್ವಸಂಸ್ಥೆಯ ನೆರವಿನ ಮೂಲಕ ಸೋವಿಯತ್ ಒಕ್ಕೂಟದಿಂದ ಉರಾಲ್ ಎಂಬ ಕಂಪ್ಯೂಟರ್ 1958ರಲ್ಲಿ ಬಂತು. ಅದು ಸೆಕೆಂಡಿಗೆ ಸುಮಾರು 100 ಲೆಕ್ಕ ಮಾಡುತ್ತಿತ್ತು. ಅಂದಿಗೆ ಅದೊಂದು ಅದ್ಭುತ.

ಈಗ ಸಂಸ್ಥೆಯಲ್ಲಿ ಎರಡು ಕಂಪ್ಯೂಟರ್‌ಗಳು. ಕೆಲಸ ಎರಡು ಪಟ್ಟು ಸುಲಭವಾಯಿತು ಎನ್ನುತ್ತೀರಾ? ಇಲ್ಲ! ಇಂಗ್ಲೆಂಡಿನ ಯಂತ್ರ ಕಾಗದದ ಕಾರ್ಡಿನಲ್ಲಿರುವ ತೂತುಗಳನ್ನು ಓದುತ್ತಿತ್ತು. ರಷ್ಯದ ಯಂತ್ರಕ್ಕೆ ಸಿನಿಮಾ ರೀಲಿನಂಥ ಫಿಲ್ಮಿನಲ್ಲಿ ತೂತು ಮಾಡಿ ಕೊಡಬೇಕಿತ್ತು. ಒಂದಕ್ಕೆ ಬರೆದ ಸೂಚನೆಗಳು ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಒಂದರ ಬಿಡಿಭಾಗ ಇನ್ನೊಂದಕ್ಕೆ ಆಗುತ್ತಿರಲಿಲ್ಲ. ಒಂದನ್ನು ಕಲಿತವರು ಇನ್ನೊಂದನ್ನು ಮೊದಲಿನಿಂದ ಕಲಿಯಬೇಕಿತ್ತು.

ಇದಕ್ಕೆ ನಮ್ಮಲ್ಲೇ ಒಂದು ಉದಾಹರಣೆ ಇದೆ. ಮೈಸೂರಿನಿಂದ ಕೃಷ್ಣರಾಜನಗರದ ಮೂಲಕ ಹಾಸನಕ್ಕೆ ಹೋಗುವ ರೈಲು ಮಾರ್ಗ ಮೊದಲು ಮೀಟರ್ ಗೇಜ್ ಆಗಿತ್ತು. ಎರಡು ಹಳಿಗಳ ನಡುವೆ ಒಂದು ಮೀಟರ್ ಅಂತರ. ಬ್ರಾಡ್ ಗೇಜ್ ಮಾರ್ಗದಲ್ಲಿ ಈ ಅಂತರ 1,676 ಮಿಲಿಮೀಟರ್. ಒಂದು ಮಾರ್ಗದ ಬೋಗಿ ಇನ್ನೊಂದರ ಮೇಲೆ ಓಡದು. ಎರಡು ಮಾರ್ಗಗಳು ಕೂಡುವ ನಿಲ್ದಾಣದಲ್ಲಿ ಮೂಟೆಗಳನ್ನೆಲ್ಲ ಇಳಿಸಿ, ಬೇರೆ ರೈಲಿಗೆ ಏರಿಸಬೇಕು. ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ಲೆಕ್ಕ ಸಾಗಿಸುವುದೂ ಹಾಗೆಯೇ ಆಗಿತ್ತು. ಆ ರೈಲು ಮಾರ್ಗವನ್ನು ಆಮೇಲೆ ಬ್ರಾಡ್ ಗೇಜಿಗೆ ಬದಲಿಸಿದರು.

ನಮ್ಮದೇ ಯಂತ್ರ, ಈಡೇರದ ಆಸೆ

ಹೊರಗಿನಿಂದ ತಂದ ಯಂತ್ರಗಳನ್ನೇ ನಂಬಿದರೆ ಈ ಪಾಡು ತಪ್ಪದು. ಭಾಗಗಳನ್ನು ಹೊಂದಿಸುವುದನ್ನು ಕಲಿಯಬೇಕಾದರೆ ಯಂತ್ರವನ್ನು ನಾವೇ ಕಟ್ಟಬೇಕು. ಸಂಸ್ಥೆಯವರು ಕಲ್ಕತ್ತದ ಜಾದವಪುರ ವಿಶ್ವವಿದ್ಯಾನಿಲಯದ ಜೊತೆ ಸೇರಿ ಒಂದು ಕಂಪ್ಯೂಟರ್ ಕಟ್ಟಲು ತೊಡಗಿದರು. ಇದರಲ್ಲಿ ವಾಲ್ವುಗಳ ಬದಲು ಟ್ರಾನ್ಸಿಸ್ಟರ್‌ಗಳಿದ್ದವು. ಎರಡು ಸಂಸ್ಥೆಗಳ ಹೆಸರೂ ಸೇರಿ ಐಎಸ್‌ಐಜೆಯು-1 ಎಂದು ಅದನ್ನು ಕರೆದರು. ಅದು ಕೆಲಸ ಆರಂಭಿಸಿದ್ದು 1966ರಲ್ಲಿ.

ಅಷ್ಟರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯವರು ಟಿಫ್ರಾಕ್ ಎಂಬ ತಮ್ಮದೇ ಕಂಪ್ಯೂಟರನ್ನು 1960ರಲ್ಲಿ ಬಳಕೆಗೆ ತಂದಿದ್ದರು. ದೇಶಕ್ಕೆಲ್ಲ ಉಪಯೋಗವಾಗುವ ದೊಡ್ಡ ಲೆಕ್ಕದ ಕೇಂದ್ರ ತಮ್ಮ ಸಂಸ್ಥೆಯಲ್ಲಿರಬೇಕು ಎಂಬುದು ಮಹಾಲನೋಬಿಸರ ಆಸೆಯಾಗಿತ್ತು. ಆದರೆ 1964ರಲ್ಲಿ ಅಂಥ ದೊಡ್ಡ ಯಂತ್ರ, ಅಮೆರಿಕದ ಸಿಡಿಸಿ 3600, ಮುಂಬಯಿಯ ಪಾಲಾಯಿತು. ಅವರ ಆಸೆ ಪೂರ್ತಿ ಈಡೇರಲಿಲ್ಲ. ಹಾಗೆಂದು ಅವರು ಕೆಲಸ ಬಿಡಲಿಲ್ಲ. ಅವರ ಸಂಸ್ಥೆಯಲ್ಲಿ ಕಂಪ್ಯೂಟರ್ ಕಲಿತವರು ಮುಂದೆ ಅನೇಕರಿಗೆ ಕಲಿಸಿದರು.

ಮಹಾಲನೋಬಿಸ್ 1945ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾದರು. ದೇಶದ ಎರಡನೆಯ ಪಂಚವಾರ್ಷಿಕ ಯೋಜನೆಯನ್ನು ರೂಪಿಸುವುದರಲ್ಲಿ ಅವರದು ದೊಡ್ಡ ಪಾಲು. 1968ರಲ್ಲಿ ಅವರಿಗೆ ಪದ್ಮವಿಭೂಷಣ ದೊರೆಯಿತು. 1972ರ ಜೂನ್ 28ರಂದು ಅವರು ತೀರಿಕೊಂಡರು. ಮರುದಿನ ಅವರಿಗೆ 79 ತುಂಬುತ್ತಿತ್ತು.

ಮುಂದೆ ಏನಾಯಿತು?

ಒಂದಕ್ಕೊಂದು ಹೊಂದದ ಭಾಗಗಳ ಕಾಟ ಮಹಾಲನೋಬಿಸರ ಕಾಲಕ್ಕೇ ಮುಗಿಯಲಿಲ್ಲ. 1986ರಲ್ಲಿ ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದಲ್ಲಿ ಫ್ಲೋಸಾಲ್ವರ್ ಎಂಬ ಕಂಪ್ಯೂಟರನ್ನು ಕಟ್ಟಿದರು. ಹಲವು ಸಣ್ಣ ಪ್ರೊಸೆಸರ್‌ಗಳು ಒಂದೇ ದೊಡ್ಡ ಲೆಕ್ಕವನ್ನು ಹಂಚಿಕೊಂಡು ಮಾಡುವ ಯಂತ್ರ ಅದು. ವಿಮಾನದ ಸುತ್ತ ಗಾಳಿ ಹೇಗೆ ಹರಿಯುತ್ತದೆ ಎಂಬಂಥ ಕಷ್ಟದ ಲೆಕ್ಕಗಳಿಗಾಗಿ ಅದನ್ನು ರೂಪಿಸಿದ್ದರು. ಹಂಚಿಕೊಂಡು ಮಾಡುವಾಗ ಒಂದು ತೊಂದರೆ ಇದೆ. ಒಂದು ಪ್ರೊಸೆಸರ್ ಬೇಗ ಮುಗಿಸಿ ಇನ್ನೊಂದಕ್ಕಾಗಿ ಕಾಯುತ್ತಾ ಕುಳಿತರೆ ವೇಗವೆಲ್ಲ ವ್ಯರ್ಥ. ನಾಟಿ ಮಾಡುವಾಗ ಒಂದು ಸಾಲಿನವರು ಮುಂದೆ ಹೋಗಿ, ಪೈರಿನ ಕಟ್ಟು ಬರಲೆಂದು ಕಾಯುತ್ತಾ ನಿಂತ ಹಾಗೆ.

ಇಂದಿನ ಅಂತರಜಾಲದಲ್ಲಿ ಬೇರೆ ಬೇರೆ ಕಂಪನಿಗಳ, ಬೇರೆ ಬೇರೆ ದೇಶಗಳ ಕೋಟ್ಯಂತರ ಕಂಪ್ಯೂಟರ್‌ಗಳು ಸೇರಿಕೊಂಡಿವೆ. ಅವು ಒಂದರ ಮಾತನ್ನು ಒಂದು ತಿಳಿಯುವುದು ಹೇಗೆ? ಮಾಹಿತಿಯನ್ನು ಯಾವ ರೀತಿ ಕಟ್ಟಬೇಕು, ವಿಳಾಸವನ್ನು ಎಲ್ಲಿ ಬರೆಯಬೇಕು, ತಲುಪಿತು ಎಂದು ಹೇಗೆ ತಿಳಿಸಬೇಕು ಎಂದು ಎಲ್ಲರೂ ಮೊದಲೇ ಒಪ್ಪಿಕೊಂಡ ನಿಯಮಗಳಿವೆ. ಕನ್ನಡ ಅಕ್ಷರಗಳಿಗೂ ಇಂಥ ಒಪ್ಪಂದ ಬೇಕಾಯಿತು. ಹಿಂದೆ ಒಂದು ಕಂಪ್ಯೂಟರಿನಲ್ಲಿ ಬರೆದ ಕನ್ನಡ ಇನ್ನೊಂದರಲ್ಲಿ ಅರ್ಥವಿಲ್ಲದ ಗುರುತುಗಳಾಗಿ ಕಾಣುತ್ತಿತ್ತು. ಯೂನಿಕೋಡ್ ಎಂಬ ಒಂದೇ ಪದ್ಧತಿ ಬಳಕೆಗೆ ಬಂದ ಮೇಲೆ ಹುಣಸೂರಿನಲ್ಲಿ ಬರೆದ ಕನ್ನಡವನ್ನು ಅಮೆರಿಕದಲ್ಲೂ ಹಾಗೆಯೇ ಓದಬಹುದು.

ನೀವು ಮೈಸೂರಿನಿಂದ ಬೆಂಗಳೂರಿಗೆ ಹಳೆಯ ಹೆದ್ದಾರಿಯಲ್ಲಿ ಹೋದರೆ, ಬೆಂಗಳೂರು ಹತ್ತಿರವಾದಾಗ ಮೈಸೂರು ರಸ್ತೆಯಲ್ಲಿಯೇ ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರ ಇದೆ. 238 ರೂಪಾಯಿಯ ಖರ್ಚಿನಲ್ಲಿ ಹುಟ್ಟಿದ ಸಂಸ್ಥೆ ಅದು.

ಮಾಡಿ ನೋಡಿ

ಮಹಾಲನೋಬಿಸರು ಹುಟ್ಟಿದ ಜೂನ್ 29ನ್ನು 2007ರಿಂದ ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವಾಗಿ ಆಚರಿಸುತ್ತಾರೆ. ಆ ದಿನ ನಿಮ್ಮ ಶಾಲೆಯಲ್ಲಿ ಈ ಚಟುವಟಿಕೆ ಮಾಡಬಹುದು.

1. ನಿಮ್ಮ ಊರಿನಲ್ಲಿ ಒಂದು ಮನೆಗೆ ದಿನಕ್ಕೆ ಎಷ್ಟು ನೀರು ಬೇಕಾಗುತ್ತದೆ ಎಂದು ಕಂಡುಹಿಡಿಯಿರಿ. ಎಲ್ಲ ಮನೆಗಳ ಸಂಖ್ಯೆಯನ್ನು ಚೀಟಿಯಲ್ಲಿ ಬರೆದು, ಕಲಸಿ, ಇಪ್ಪತ್ತು ಚೀಟಿ ಎತ್ತಿ.

2. ಹತ್ತು ಚೀಟಿ ಒಂದು ತಂಡಕ್ಕೆ, ಹತ್ತು ಚೀಟಿ ಇನ್ನೊಂದು ತಂಡಕ್ಕೆ ಕೊಡಿ. ಲೆಕ್ಕ ಮುಗಿಯುವವರೆಗೆ ತಂಡಗಳು ಒಂದಕ್ಕೊಂದು ಹೇಳಿಕೊಳ್ಳಬಾರದು.

3. ಹೊರಡುವ ಮುಂಚೆ ಎರಡೂ ತಂಡಗಳು ಕುಳಿತು ತೀರ್ಮಾನಿಸಿ. ಕೊಡ ಎಂದರೆ ಎಷ್ಟು ಲೀಟರ್? ಎಮ್ಮೆ ಹಸುಗಳಿಗೆ ಕುಡಿಸಿದ ನೀರೂ ಲೆಕ್ಕಕ್ಕೆ ಸೇರುತ್ತದೆಯೆ? ಬಟ್ಟೆ ಒಗೆಯಲು ಕೆರೆಗೆ ಹೋಗುವವರ ಲೆಕ್ಕ ಹೇಗೆ?

4. ಎರಡು ತಂಡಗಳ ಸರಾಸರಿಯನ್ನು ಕರಿಹಲಗೆಯ ಮೇಲೆ ಪಕ್ಕಪಕ್ಕದಲ್ಲಿ ಬರೆಯಿರಿ. ಹತ್ತಿರ ಇವೆಯೆ? ಇಲ್ಲವಾದರೆ ಯಾರನ್ನೂ ದೂರದೆ ಕಾರಣ ಹುಡುಕಿ. ಒಂದು ತಂಡದ ಕೊಡ ದೊಡ್ಡದಾಗಿತ್ತೇ, ಅಥವಾ ಪ್ರಶ್ನೆಯನ್ನೇ ಬೇರೆ ಬೇರೆ ರೀತಿಯಲ್ಲಿ ಕೇಳಿದಿರೇ ಎಂದು ನೋಡಿ.